ಐದು ಉತ್ತತ್ತಿ, ಎರಡು ಹಸಿರು ಬಳೆ

ನಮ್ಮ ಶಾಲೆಯ ಗಣಿತದ ವೆಂಕೋಬ ಮಾಸ್ತರರು ನಾಯಕರಾದದ್ದು ಒಂದು ನೊಣದ ದಯೆಯಿಂದ. ಈ ಮಾತನ್ನು ಅವರು ಇವತ್ತಿಗೂ ಒಪ್ಪುವುದಿಲ್ಲ. ಆದರೆ ನಾನು, ಅದೇ ಶಾಲೆಯ ಕನ್ನಡ ಮಾಸ್ತರ ಸಿದ್ದರಾಮೇಶ, ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನೊಣವನ್ನು ಕಣ್ಣಾರೆ ಕಂಡಿದ್ದೇನೆ. ಬೇಕಾದರೆ ಪ್ರಮಾಣ ಮಾಡುತ್ತೇನೆ.

ಲಿಂಗಸುಗೂರಿನ ತರಬೇತಿ ಹಾಲ್. ಊಟ ಮುಗಿದಿತ್ತು. ಅರವತ್ತು ಜನ ಮಾಸ್ತರರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಆಗ ಅಧಿಕಾರಿ ಭುವನೇಶ್ವರಿ ಮೇಡಂ, ಯಾವಾಗಲೂ ಹಿಡಿಯುವಂತೆ ದೊಡ್ಡ ಫೈಲೊಂದನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು ಎದ್ದು ನಿಂತರು. ಕೋಲಾರದ ಕಡೆಯವರು, ನಮ್ಮ ಕಡೆ ಬಂದು ವರ್ಷವಾಗಿತ್ತು. ನಕ್ಕಿದ್ದನ್ನು ನೋಡಿದವರಿಲ್ಲ.

"'ಕೈಯಾರೆ ಗಣಿತ' ಅಂತ ಹೊಸ ಕಾರ್ಯಕ್ರಮ ಬಂದಿದೆ. ಒಂಬತ್ತು ತಿಂಗಳದ್ದು. ಮಕ್ಕಳು ಸಾಮಾನು ಮುಟ್ಟಿ, ಎಣಿಸಿ, ಮಡಚಿ ಲೆಕ್ಕ ಕಲೀಬೇಕು. ಮಸ್ಕಿ ಕಡೆಗೆ ಒಂದೇ ಒಂದು ಶಾಲೆ. ಯಾರು ಮುಂದಾಳತ್ವ ತಗೋತೀರಿ?"

ಅದೇ ಕ್ಷಣಕ್ಕೆ ನೊಣ ವೆಂಕೋಬರ ಬೋಳುತಲೆಯ ಮೇಲೆ ಇಳಿಯಿತು. ಅವರು ಕೈ ಎತ್ತಿದರು. ಉಳಿದ ಐವತ್ತೊಂಬತ್ತು ಜನ ಜೀವ ಬಂದಂತಾಗಿ ಚಪ್ಪಾಳೆ ಹೊಡೆದರು.

"ಸಂತೋಷ. ಗಣಿತದ ಪೆಟ್ಟಿಗೆ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಮನೆಮನೆಯಲ್ಲಿ ಸಿಗೋ ಸಾಮಾನಲ್ಲೇ ಶುರು ಮಾಡಿ. ಶುಕ್ರವಾರ ಹತ್ತೂವರೆಗೆ ಉದ್ಘಾಟನೆ. ಕನಿಷ್ಠ ಐವತ್ತು ಜನ ಪಾಲಕರು ಇರಲೇಬೇಕು. ಒಬ್ಬರು ಕಡಿಮೆಯಾದ್ರೂ ಕಾರ್ಯಕ್ರಮ ಬೇರೆ ಶಾಲೆಗೆ ಹೋಗುತ್ತೆ. ಗೊತ್ತಾಯ್ತಾ?"

ಗೊತ್ತಾಗಿದ್ದು ನನಗೆ. ನಮ್ಮ ಚಿಕ್ಕಬಂಡಿಹಾಳದ ಶಾಲೆಯಲ್ಲಿ ಹಿಂದಿನ ಪಾಲಕರ ಸಭೆಗೆ ಬಂದವರು ಮೂರು ಜನ. ಅದರಲ್ಲಿ ಒಬ್ಬರು ಕಳೆದುಹೋದ ಆಡು ಹುಡುಕುತ್ತ ಬಂದಿದ್ದರು. ಆಡು ಸಿಕ್ಕ ಮೇಲೆ ಇಬ್ಬರೇ ಉಳಿದರು.

ವೆಂಕೋಬರಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರನಿಗೆ ಹೇಳಿದರು. ಸಂತೆಕಲ್ಲೂರು ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ಮರುದಿನ ಮಸ್ಕಿಗೆ ಹೋಗಿ "ವೆಂಕೋಬ, ನಾಯಕ ಶಿಕ್ಷಕರು, ಕೈಯಾರೆ ಗಣಿತ" ಎಂದು ಬೋರ್ಡು ಬರೆಸಿಕೊಂಡು, ಎಡಗಾಲಿಗೊಂದು ಬಲಗಾಲಿಗೊಂದು ಬೇರೆಬೇರೆ ಚಪ್ಪಲಿ ಮೆಟ್ಟಿ ಬಂದರು. ಒಂದು ತಮ್ಮದು, ಇನ್ನೊಂದು ಪೇಂಟರನದು.

ಸೋಮವಾರ ಬೆಳಿಗ್ಗೆ ವರಾಂಡದಲ್ಲಿ ಕೂತು ಸಾಮಾನಿನ ಪಟ್ಟಿ ಮಾಡಿದೆವು. ಅವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ, ಅದೇ ನನಗೆ ಮುಳುವಾಯಿತು.

"ಬರೀರಿ. ಉತ್ತತ್ತಿ ಐದು. ಐದರ ಮಗ್ಗಿ ಕಲಿಸಾಕ. ಅಡಿಕಿ ಐದು. ಗೋಲ ಅಂದ್ರ ಏನಂತ ತೋರಸಾಕ. ಅರಿಷಿಣ ಕೊಂಬು ಐದು, ಉದ್ದ ಗಿಡ್ಡ ಜೋಡಿಸಾಕ. ಎಲಿ ಐದು. ನಡು ಮಡಚಿದ್ರ ಎರಡೂ ಕಡಿ ಒಂದ ಥರ ಕೂಡತಾವ ನೋಡ್ರಿ."

"ಸರಿ."

"ಕೊಬ್ಬರಿ ಬಟ್ಟಲ ಒಂದು. ಅರ್ಧ ಅಂದ್ರ ಏನು? ಕೊಬ್ಬರಿ ಬಟ್ಟಲ! ಅಕ್ಕಿ ಒಂದು ಪಾವು, ಅಳತಿಗೆ. ಖಣ ಒಂದು, ಚೌಕಕ್ಕ. ಮತ್ತ ವರ್ತುಲಕ್ಕ?"

"ಬಳೆ?" ಎಂದೆ ನಾನು. ಈ ಪಾಪದಲ್ಲಿ ನನ್ನ ಪಾಲೂ ಇದೆ.

"ಭಲೇ! ಬಳಿ ಎರಡು. ಎಲ್ಲಾ ಒಂದ ಬಣ್ಣದ್ದಿರಬೇಕು, ಇಲ್ಲಾಂದ್ರ ಹುಡುಗ್ರು ಬಡಿದಾಡ್ತಾವ. ಹಸಿರು ಅಂತ ಬರೀರಿ."

ಶಾಲೆಯ ಕೋಣೆಯಲ್ಲಿ ಹೆಗ್ಗಣಗಳು ಸಂಸಾರ ಹೂಡಿದ್ದರಿಂದ ಕೊನೆಗೆ ಎರಡು ಸಾಲು ಸೇರಿಸಿದೆವು. "ಮೊದಲೇ ತರುವವರು ಸಾಮಾನನ್ನು ಶಾಲೆಯ ಎದುರಿಗಿರುವ ವೆಂಕೋಬ ಮಾಸ್ತರರ ಪತ್ನಿ ದುರ್ಗಾದೇವಿಯವರ ಕೈಗೆ ಕೊಡತಕ್ಕದ್ದು. ಶುಕ್ರವಾರ ಹತ್ತೂವರೆಗೆ ಕಾರ್ಯಕ್ರಮ, ತಾಯಂದಿರು ತಪ್ಪದೇ ಬರಬೇಕು." ಇಷ್ಟನ್ನೂ ನಾನು ಬೋರ್ಡಿನ ಮೇಲೆ ಬರೆದೆ. ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಂಡು ಅರವತ್ತೆಂಟು ಮನೆಗಳಿಗೆ ಹೋದರು.

ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಎಲೆ, ಕೊಬ್ಬರಿ, ಅಕ್ಕಿ, ಖಣ, ಹಸಿರು ಬಳೆ. ಓದಿದ ಕೂಡಲೇ ಯಾವ ಹೆಣ್ಣುಮಗಳಾದರೂ ಹೇಳುತ್ತಾಳೆ, ಇದು ಬಸುರಿಗೆ ಕುಬಸ ಮಾಡಿ ಉಡಿ ತುಂಬುವ ಸಾಮಾನು ಎಂದು. ನಾವಿಬ್ಬರೂ ಗಂಡಸರು. ಉಡಿ ತುಂಬುವಾಗ ನಮ್ಮನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಾರೆ. ಒಳಗೆ ಏನೇನು ಹಾಕುತ್ತಾರೆ ಎಂದು ಜನ್ಮದಲ್ಲಿ ಒಂದು ಸಲವೂ ಕೇಳಿದವರಲ್ಲ.

ಸಂಜೆಯೊಳಗೆ ಊರಿಗೆ ಊರೇ ಲೆಕ್ಕ ಹಾಕಿ ಉತ್ತರ ಕಂಡುಹಿಡಿದಿತ್ತು. ಮಾಸ್ತರರ ಹೆಂಡತಿಗೆ ಕುಬಸ! ದುರ್ಗಾದೇವಿಯವರಿಗೆ ನಲವತ್ತೆಂಟು ವರ್ಷ. ಲಿಂಗಸುಗೂರಿಗೆ ಕೊಟ್ಟ ಮಗಳಿಗೆ ಮೂರು ವರ್ಷದ ಮಗನಿದ್ದಾನೆ. ಅದಕ್ಕೇ ಸುದ್ದಿಗೆ ರುಚಿ ಜಾಸ್ತಿ.

ಶಾಲೆಯಲ್ಲಿ ಬಿಸಿಯೂಟ ಮಾಡುವ ಸೂಗಮ್ಮ ಅವರ ಪಕ್ಕದ ಮನೆಯವಳು. ಮಂಗಳವಾರ ಮುಂಜಾನೆ ದುರ್ಗಾದೇವಿಯವರ ಕೈಯಿಂದ ನೀರಿನ ಕೊಡ ಕಸಿದುಕೊಂಡಳು.

"ಬಿಡ್ರಿ ಅಕ್ಕಾ, ನೀವ್ಯಾಕ ಎತ್ತತೀರಿ? ನಾವೆಲ್ಲಾ ಸತ್ತೀವೇನು?"

ಬುಧವಾರ ಒಬ್ಬಳು ನಿಂಬೆ ಉಪ್ಪಿನಕಾಯಿ ತಂದಳು, ಇನ್ನೊಬ್ಬಳು ಹುಣಸೆ ತೊಕ್ಕು. ಮತ್ತೊಬ್ಬಳು ಕಾಲೊತ್ತಲೇ ಎಂದು ಕೇಳಿದಳು. ದುರ್ಗಾದೇವಿಯವರು ಚತುರೆ, ಮನೆಯ ಲೆಕ್ಕ ಊರಿನ ಲೆಕ್ಕ ಎಲ್ಲ ಅವರ ಬೆರಳ ತುದಿಯಲ್ಲಿ. ಆದರೆ ಹೊಗಳಿಕೆಗೆ ಯಾರು ಸೋಲುವುದಿಲ್ಲ ಹೇಳಿ? ನಾಯಕರ ಹೆಂಡತಿಗೆ ಇಷ್ಟು ಮರ್ಯಾದೆ ಸಹಜ ಎಂದುಕೊಂಡು, ಎರಡು ದಿನ ಕಾಲ ಮೇಲೆ ಕಾಲು ಹಾಕಿ ತೊಕ್ಕು ತಿಂದರು.

ಅತ್ತ ವೆಂಕೋಬರು ಮಕ್ಕಳಿಗೆ ತೋರಿಸಲು ನಾಲ್ಕು ಡಜನ್ ಬಳೆ ಬೇಕೆಂದು ಮಸ್ಕಿಯ ಖಾಜಾಸಾಬನ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಖಾಜಾಸಾಬ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದು ತಬ್ಬಿಕೊಂಡ.

"ಮಾಸ್ತರ್ರ, ಮುಬಾರಕ್ ಹೋ! ಎರಡು ದಿನದಾಗ ನಿಮ್ಮೂರಿಗೆ ಹಸಿರು ಬಳಿ ಹನ್ನೆರಡು ಡಜನ್ ಹೋಗ್ಯಾವ. ಈ ಉಮರಿನ್ಯಾಗ ಭಾರಿ ಹಿಮ್ಮತ್ ಮಾಡೀರಿ ಬಿಡ್ರಿ."

"ಉಮರಿಗೇನ್ರಿ ಖಾಜಾಸಾಬ? ಉಮೇದಿ ಇರಬೇಕು. ಅರವತ್ತು ಮಂದಿ ಮಾಸ್ತರ್ರ ಒಳಗ ನಾ ಒಬ್ಬನ ಮುಂದ ಬಂದಾಂವ."

ಖಾಜಾಸಾಬ ನನ್ನ ಮುಖ ನೋಡಿದ. ನಾನು ನಕ್ಕೆ, ಏನು ಮಾಡಲಿ, ಅರ್ಥವಾಗದಾಗ ನಗುವುದು ನನ್ನ ಅಭ್ಯಾಸ.

"ಮನಿಯಾಗ ಅಕ್ಕಾರು ಹೆಂಗದಾರ್ರಿ? ತ್ರಾಸ ಇಲ್ಲಲ್ಲ?"

"ಅಕಿಗೆ ಇನ್ನೂ ಪೂರಾ ಗೊತ್ತಿಲ್ರಿ. ಶುಕ್ರವಾರ ಎಲ್ಲಾರ ಮುಂದ ನೋಡಿದ ಮ್ಯಾಲೆ ತಿಳೀತೈತಿ."

"ಯಾ ಅಲ್ಲಾ!" ಎಂದು ಖಾಜಾಸಾಬ ಸ್ಟೂಲಿನ ಮೇಲೆ ಕುಸಿದ. "ಅಕಿಗ ಗೊತ್ತಿಲ್ಲ?"

"ಎಲ್ಲಾ ನಂದ ಫಿಕರ್ ನೋಡ್ರಿ. ಒಂಬತ್ತು ತಿಂಗಳು ನಾನ ಹೊರಬೇಕು. ಆಮ್ಯಾಲೆ ಸರ್ಕಾರದವ್ರು ಬಂದು ಪರೀಕ್ಷೆ ಮಾಡಿ ನೋಡ್ತಾರ."

ಖಾಜಾಸಾಬ ಎದ್ದು ಬಳೆಯ ಕಟ್ಟು ತೆಗೆದಿಟ್ಟ. ನಾಲ್ಕು ಡಜನ್ ಬಳೆಗೆ ಕಾಸು ತೆಗೆದುಕೊಳ್ಳದೆ, ಶುಕ್ರವಾರ ತಾನೇ ಬಂದು ಕೈಯಾರೆ ತೊಡಿಸುತ್ತೇನೆ ಎಂದ. "ನೋಡ್ರಿ ಸಿದ್ದರಾಮೇಶ," ಎಂದರು ವೆಂಕೋಬರು ಬಸ್ಸಿನಲ್ಲಿ, ಕಣ್ಣು ಒದ್ದೆ ಮಾಡಿಕೊಂಡು, "ಬಳಿ ಮಾರಾಂವಗೂ ಗಣಿತದ ಮ್ಯಾಲೆ ಎಷ್ಟು ಪ್ರೀತಿ!"

ಗುರುವಾರ ಮಧ್ಯಾಹ್ನ ಸಿಂಧನೂರಿನಿಂದ ಕಾರೊಂದು ಬಂದು ಅವರ ಮನೆಯ ಮುಂದೆ ನಿಂತಿತು. ಇಳಿದವರು ದುರ್ಗಾದೇವಿಯವರ ಅಣ್ಣ ಆಂಜನೇಯ. ಅಕ್ಕಿ ಗಿರಣಿ ಮಾಲೀಕರು, ಮಾತಾಡಿದರೆ ಗಿರಣಿ ನಡೆಯುತ್ತಿದೆ ಎಂದೇ ತಿಳಿಯಬೇಕು. ಕೈಯಲ್ಲಿ ಹಸಿರು ರೇಷ್ಮೆ ಸೀರೆ, ಹಿಂದೆ ಐದು ಬುತ್ತಿಯ ಡಬ್ಬಿ. ನಾವಿಬ್ಬರೂ ಅಲ್ಲಿಯೇ ಊಟಕ್ಕೆ ಕೂತಿದ್ದೆವು.

"ತಂಗೀ! ತವರುಮನಿಯಾಗ ಮಂದಿ ಸತ್ತಾರಂತ ತಿಳಿದೇನು? ಕುಬಸದ ಸುದ್ದಿ ಗಿರಣಿ ಹಮಾಲನ ಬಾಯಾಗ ಕೇಳಬೇಕೇನು ನಾ?"

"ಯಾರ ಕುಬಸ ಅಣ್ಣಾ?"

ಆಂಜನೇಯ ಅವರು ತೊಲೆ ನೋಡಿದರು. ಆಮೇಲೆ ಬುತ್ತಿಯ ಡಬ್ಬಿ ನೋಡಿದರು. "ನಿಂದ..." ಎಂದರು, ಮೊದಲ ಸಲ ಸಣ್ಣ ದನಿಯಲ್ಲಿ.

ದುರ್ಗಾದೇವಿಯವರು ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಾಯಿತು. ಲಿಂಗಸುಗೂರಿನಿಂದ ಮಗಳು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು.

"ಅವ್ವಾ, ನನಗೊಂದು ಮಾತು ಹೇಳಬಾರದೇನ? ನಮ್ಮತ್ತಿ ಮುಂಜಾನಿಂದ ಒಂದ ಕೇಳಾಕತ್ತಾಳ. ಹುಟ್ಟೋ ಕೂಸಿಗೆ ನನ್ನ ಮಗ ಏನಂತ ಕರೀಬೇಕು? ಮಾಮಾ ಅಂತಾನೋ, ಚಿಗವ್ವಾ ಅಂತಾನೋ?"

ಫೋನು ಆಫ್ ಆಯಿತು. ದುರ್ಗಾದೇವಿಯವರು ಬಾಗಿಲಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಕರೆದು ಅವಳ ನೋಟುಪುಸ್ತಕ ಇಸಿದುಕೊಂಡು ಪಟ್ಟಿ ಓದಿದರು. ಹಸಿರು ಬಳೆಗೆ ಬಂದಾಗ ಅವರ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಎರಡು ದಿನ ತಿಂದ ತೊಕ್ಕಿನ ಅರ್ಥ ಅವರಿಗೆ ಈಗ ಆಗಿತ್ತು.

"ಇದನ್ನ ಬರೆದವ್ರು ಯಾರು?"

ವೆಂಕೋಬರು ನನ್ನ ಕಡೆ ಬೆರಳು ಮಾಡಿದರು. ನಾಯಕರು ಎಂದರೆ ಹೀಗೆ.

ಆಮೇಲೆ ಆ ಮನೆಯಲ್ಲಿ ಆಡಿದ ಮಾತುಗಳನ್ನು ಕನ್ನಡ ಮಾಸ್ತರನಾಗಿ ನಾನು ಬರೆಯಲಾರೆ. ಕೆಲವು ನನಗೆ ಹೊಸವು. ಅರ್ಧ ತಾಸಿನ ಮೇಲೆ ವೆಂಕೋಬರು ಮೆಟ್ಟಿಲ ಮೇಲೆ ಕೂತು, ಇನ್ನೂ ಕಾಗದ ಬಿಚ್ಚದ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಈಗ ಹಕೀಕತ್ ಹೇಳಿದ್ರ ನಾಳೆ ಒಬ್ರೂ ಬರೂದಿಲ್ಲ. ಕಾರ್ಯಕ್ರಮ ಹೋತು. ಹೇಳಲಿಲ್ಲಂದ್ರ ಮೇಡಂ ಮುಂದ ನನ್ನ ಇಜ್ಜತ್ ಹೋತು. ಇಪ್ಪತ್ತೊಂದು ವರ್ಷ ಆತು ದುರ್ಗಾ, ಮಾಸ್ತರಕಿ ಮಾಡಾಕತ್ತು. ಬಾ ವೆಂಕೋಬ, ನೀ ಮುಂದ ನಿಂದ್ರು ಅಂತ ಯಾರೂ ಅಂದಿದ್ದಿಲ್ಲ. ಒಂದ ಸಲ ಅಂದ್ರು. ಹುಡುಗ್ರು ಮೂರು ದಿನದಿಂದ ಕುಣಿದಾಡಾಕತ್ತಾವ."

ದುರ್ಗಾದೇವಿಯವರು ಸೆರಗು ಕೊಡವಿದರು. ಸಿಟ್ಟು ಇಳಿದಿತ್ತು, ಆದರೆ ಇಳಿದದ್ದನ್ನು ಗಂಡನಿಗೆ ತೋರಿಸುವ ಪೈಕಿಯಲ್ಲ ಅವರು.

"ಮಂದಿ ಬರಲಿ ಮೊದಲು. ಬಂದ ಮ್ಯಾಲೆ ನಾನ ನಿಂತು ಹೇಳ್ತೀನಿ. ಅಲ್ಲೀತನಕ ಇಬ್ರೂ ಬಾಯಿ ಮುಚ್ಚಿಕೊಂಡು ಇರ್ರಿ. ಅಣ್ಣಾ, ನೀನೂ."

ಶುಕ್ರವಾರ ನಾನು ಗೇಟಿನಲ್ಲಿ ನಿಂತು ಎಣಿಸಿದೆ. ಅಬ್ಬಬ್ಬಾ! ನೂರ ಮೂವತ್ತೆರಡು ಜನ! ತಟ್ಟೆ ಹಿಡಿದ ಹೆಣ್ಣುಮಕ್ಕಳು, ಎಳೆ ಕೂಸು ಎತ್ತಿಕೊಂಡವರು, ಹಾಡು ಹೇಳುವ ಮುದುಕಿಯರು, ಇಬ್ಬರು ಹಲಗೆ ಬಾರಿಸುವವರು, ಬಳೆಯ ಗಂಟಿನೊಂದಿಗೆ ಖಾಜಾಸಾಬ. ಸೂಗಮ್ಮ ಶಾಲೆಯ ಏಕೈಕ ಕೈಕುರ್ಚಿಗೆ ಬಾಳೆಎಲೆ, ಮಾವಿನ ತೋರಣ ಕಟ್ಟಿ ನಡುವೆ ಇಟ್ಟಿದ್ದಳು.

ಹತ್ತೂವರೆಗೆ ಸರಿಯಾಗಿ ಜೀಪು ಬಂತು. ಭುವನೇಶ್ವರಿ ಮೇಡಂ ಫೈಲು ಹೊಟ್ಟೆಗೆ ಹಿಡಿದು ಇಳಿದವರು ಅಲ್ಲೇ ನಿಂತುಬಿಟ್ಟರು.

"ವೆಂಕೋಬ ಅವರೇ, ಇಷ್ಟು ಜನಾನ! ಇವರೆಲ್ಲ ಗಣಿತಕ್ಕೆ ಬಂದವರಾ?"

"ಸಾಮಾನು ಹಿಡಕೊಂಡ ಬಂದಾರ್ರಿ ಮೇಡಂ," ಎಂದರು ವೆಂಕೋಬರು. ಅದು ಸುಳ್ಳಲ್ಲ.

ಮೇಡಂ ತಟ್ಟೆಗಳನ್ನು ನೋಡುತ್ತ ಬಂದರು. "ಕೊಬ್ಬರಿ ಬಟ್ಟಲು, ಅರ್ಧಕ್ಕಾ? ತುಂಬಾ ಚೆನ್ನಾಗಿದೆ. ಬಳೆ, ವೃತ್ತ. ವಾವ್!" ಎಂದು ಬರೆದುಕೊಂಡರು. ಬರೆದುಕೊಳ್ಳುತ್ತಲೇ ಹೋಗಿ ತೋರಣ ಕಟ್ಟಿದ ಕುರ್ಚಿಯಲ್ಲಿ ಕೂತುಬಿಟ್ಟರು. ಮುಖ್ಯ ಅತಿಥಿಗೆ ಇಟ್ಟದ್ದೆಂದು ಅವರ ತಿಳಿವಳಿಕೆ. ಹಲಗೆ ಗಪ್ಪನೆ ನಿಂತಿತು. ಬಸುರಿಯ ಕುರ್ಚಿಯ ಮೇಲೆ ಸರ್ಕಾರ ಕೂತಿತ್ತು.

ಆಗ ದುರ್ಗಾದೇವಿಯವರು ಎದ್ದರು.

"ಎಲ್ಲಾರೂ ಕೇಳ್ರಿ! ನಾ ಬಸುರಿ ಅಲ್ಲ. ನನಗ ನಲವತ್ತೆಂಟು, ಮೊಮ್ಮಗಗ ಮೂರು. ಆ ಪಟ್ಟಿ ಕುಬಸದ್ದಲ್ಲ, ನಿಮ್ಮ ಮಕ್ಕಳಿಗೆ ಲೆಕ್ಕ ಕಲಿಸೋದು. ಅದನ್ನ ಬರೆದ ಇಬ್ರು ಶ್ಯಾಣ್ಯಾರು ಇಲ್ಲೇ ನಿಂತಾರ ನೋಡ್ರಿ."

ಶ್ಯಾಣ್ಯಾರಿಬ್ಬರೂ ನೆಲ ನೋಡಿದೆವು. ತಟ್ಟೆ ಹಿಡಿದವರೆಲ್ಲ ತಂತಮ್ಮ ತಟ್ಟೆ ನೋಡಿಕೊಂಡರು. ಕಡೆಗೆ ಸೂಗಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ಹಂಗಾರ ಈ ಉಡಿ ಸಾಮಾನು? ಬಸುರಿಗಂತ ಹೊರಬಿದ್ದದ್ದನ್ನ ಹೊಳ್ಳಿ ಮನಿಗೆ ಒಯ್ಯಬಾರದು, ಅರವತ್ತೆಂಟು ಮನಿಗೂ ಛಲೋದಲ್ಲ! ಏನ್ ಮಾಡೋದೀಗ?"

ಗದ್ದಲವೆದ್ದಿತು. ಕೆಲವರು ವೆಂಕೋಬರ ಕಡೆ ನಡೆದರು, ಅವರ ನಡಿಗೆ ನನಗೆ ಹಿಡಿಸಲಿಲ್ಲ. "ಏನ್ರೀ ಇದು? ಏನಾಗ್ತಿದೆ?" ಎಂದು ಮೇಡಂ ದಡಕ್ಕನೆ ಎದ್ದರು. ಫೈಲು ಜಾರಿ ನೆಲಕ್ಕೆ ಬಿತ್ತು. ಎತ್ತಲು ಬಾಗಿದರು. ಅರ್ಧಕ್ಕೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಮತ್ತೆ ನೆಟ್ಟಗಾದರು.

ವರ್ಷವಿಡೀ ಅವರ ತರಬೇತಿಗಳಿಗೆ ಹೋದ ನಾವು, ಕುರ್ಚಿಯಲ್ಲಿ ಕೂತು ಮೈ ಬಂದಿದೆ ಎಂದುಕೊಂಡಿದ್ದೆವು. ಸೂಗಮ್ಮನಿಗೆ ಒಂದು ನೋಟ ಸಾಕಾಯಿತು.

"ಮೇಡಂ, ನಿಮಗ ಎಷ್ಟರಾಗ ಐತ್ರಿ?"

"ಅದು... ಅದೆಲ್ಲ ಈಗ ಯಾಕೆ?" ಮೇಡಂ ಕೆಂಪಾದರು. "ಏಳನೇ ತಿಂಗಳು."

"ಕುಬಸ ಆತೇನ್ರಿ?"

ಮೇಡಂ ಫೈಲಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. "ಇಲ್ಲ. ನಾವಿಬ್ಬರೂ ನಮ್ಮಿಷ್ಟಕ್ಕೆ ಮದುವೆ ಆದ್ವಿ. ಎರಡೂ ಮನೆಯವರು ಮಾತಾಡಲ್ಲ, ಯಾರೂ ಬರಲ್ಲ. ಹೋಗ್ಲಿ ಬಿಡಿ. ಹೊತ್ತಾಯ್ತು, ಕಾರ್ಯಕ್ರಮ ಶುರು ಮಾಡೋಣ."

"ಕಾರ್ಯಕ್ರಮ ಶುರು ಆತ್ರಿ ಮೇಡಂ," ಎಂದಳು ಸೂಗಮ್ಮ. "ಕೂಡ್ರಿ."

ಹಲಗೆ ಮೊಳಗಿತು ನೋಡಿ! ಮುದುಕಿಯರು ಹಾಡು ಎತ್ತಿದರು. ಹಸಿರು ಸೀರೆಯನ್ನು ವಾಪಸು ಒಯ್ಯುವುದು ಹೇಗೆಂದು ಬೆವರುತ್ತಿದ್ದ ಆಂಜನೇಯ ಅವರು ಗಿರಣಿ ದನಿಯಲ್ಲಿ ಮುಂದೆ ನುಗ್ಗಿದರು. "ತವರುಮನಿ ಇಲ್ಲಂತ ಯಾರಂದ್ರು? ಇವತ್ತಿಂದ ಸಿಂಧನೂರು ನಿಮ್ಮ ತವರುಮನಿ! ದುರ್ಗಾ, ಹೊದಿಸವ್ವ ಸೀರಿ!" ಖಾಜಾಸಾಬ ಮೊಣಕಾಲೂರಿ ಕೂತು, "ಬೇಟಿ, ಕೈ ಸಡಿಲ ಬಿಡವ್ವ," ಎಂದು ಒಂದೊಂದೇ ಬಳೆ ಏರಿಸಿದ. ಒಬ್ಬೊಬ್ಬ ತಾಯಿ ಬಂದು ಉಡಿ ತುಂಬತೊಡಗಿದಳು. ಮೇಡಂ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಎರಡೂ ಕೈಯಿಂದ ಉಡಿ ಹಿಡಿದಿದ್ದರು.

ಆಗ ವೆಂಕೋಬರಿಗೆ ಇದ್ದಕ್ಕಿದ್ದಂತೆ ತಾವು ನಾಯಕರೆಂಬುದು ನೆನಪಾಯಿತು. ಬೆಂಚಿನ ಮೇಲೆ ಹತ್ತಿ ನಿಂತರು.

"ಏ ಐದನೆ ಕ್ಲಾಸಿನವ್ರ! ಒಬ್ಬೊಬ್ಬ ತಾಯಿ ಐದೈದು ಉತ್ತತ್ತಿ ಹಾಕಾಕತ್ತಾರ. ಮೂವತ್ತೇಳು ತಾಯಂದ್ರು ಆದ್ರು. ಎಷ್ಟಾತು? ನೂರ ಎಪ್ಪತ್ತೈದು!"

"ನೂರ ಎಂಬತ್ತೈದು ಸಾರ್!" ಎಂದು ಇಡೀ ಕ್ಲಾಸು ಕಿರುಚಿತು.

"ಹಾಂ! ನೋಡ್ರಿ ಮೇಡಂ, ಬಂತು ಲೆಕ್ಕ!"

ಆಮೇಲೆ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ. ಅಡಿಕೆ ಎಣಿಸಿದರು, ಪಾವು ಅಕ್ಕಿಗಳನ್ನು ಸೇರಿಗೆ ಕೂಡಿಸಿದರು, ಎಲೆ ಮಡಚಿದರು. ಮುದುಕಿಯರು ಹಾಡು ನಿಲ್ಲಿಸಿ ಮೊಮ್ಮಕ್ಕಳ ಮಗ್ಗಿ ಕೇಳಿದರು. ಅರವತ್ತೆಂಟನೆಯವಳಾಗಿ ಸೂಗಮ್ಮ ತುಂಬಿದಾಗ ಮುನ್ನೂರ ನಲವತ್ತು ಎಂಬ ಕೂಗು ಮಸ್ಕಿಯ ರಸ್ತೆಯವರೆಗೆ ಕೇಳಿಸಿರಬೇಕು. ಭುವನೇಶ್ವರಿ ಮೇಡಂ ನಕ್ಕರು. ನಾನು ನೋಡಿದ್ದೇನೆ, ಅದಕ್ಕೂ ಪ್ರಮಾಣ ಮಾಡುತ್ತೇನೆ.

ಸೋಮವಾರ ಅವರ ವರದಿ ಬಂತು. "ಪಾಲಕರ ಹಾಜರಾತಿ: ನೂರ ಮೂವತ್ತೆರಡು. ಕಾರ್ಯಕ್ರಮವನ್ನು ಇದೇ ಶಾಲೆಯಲ್ಲಿ ಮುಂದುವರಿಸುವುದು. ನಾಯಕ ಶಿಕ್ಷಕರು: ಶ್ರೀ ವೆಂಕೋಬ. ಬಳಸಿದ ಸಾಮಗ್ರಿ: ಸ್ಥಳೀಯ. ಸಾಮಗ್ರಿಯ ಈಗಿನ ಸ್ಥಿತಿ: ಅಧಿಕಾರಿಯ ಮನೆಯಲ್ಲಿದೆ." ಕೆಳಗೆ ಕೈಯಿಂದ ಬರೆದಿದ್ದರು: "ಇನ್ನು ಮುಂದೆ ಪ್ರತಿಯೊಂದು ಪಟ್ಟಿಯೂ ಶ್ರೀಮತಿ ದುರ್ಗಾದೇವಿಯವರ ಸಹಿಯಾದ ನಂತರವೇ ಹೊರಬೀಳತಕ್ಕದ್ದು."

ವೆಂಕೋಬರು ಗೋಡೆಗೆ ಬೋರ್ಡು ಹೊಡೆದು, ಅದೇ ಉಮೇದಿಯಲ್ಲಿ ಎರಡನೆಯ ಪಾಠಕ್ಕೆ ಪಟ್ಟಿ ಮಾಡಿದರು. ಪಾಠ: ಉದ್ದ ಮತ್ತು ಅಳತೆ. ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. ಇಬ್ಬರೂ ಹೆಮ್ಮೆಯಿಂದ ದುರ್ಗಾದೇವಿಯವರ ಮುಂದೆ ಹಿಡಿದೆವು. ಆರಡಿ ಬಿದಿರು ಎರಡು. ತೆಂಗಿನ ನಾರಿನ ಕಾಥಿ ಹಗ್ಗ ಮೂರು ಮಾರು. ಹೊಸ ಮಡಕೆ ಒಂದು. ಬಿಳಿ ಬಟ್ಟೆ ಐದು ಗಜ. ಬಿದಿರು ಹಿಡಿಯಲು ಗಟ್ಟಿಮುಟ್ಟಾದ ನಾಲ್ಕು ಜನ ಗಂಡಸರು ತಪ್ಪದೇ ಬರಬೇಕು.

ದುರ್ಗಾದೇವಿಯವರು ಎರಡು ಸಲ ಓದಿದರು. ಕನ್ನಡಕ ತೆಗೆದು ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಕುಬಸ ಮುಗೀತು," ಎಂದರು. "ಈಗ ಯಾರನ್ನ ಹೊರಾಕ ಹೊಂಟೀರಿ?"